ನಿಧಾನದ ರೌದ್ರ

ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲನ್ನು ಜನ ಗೋವಿಂದಾ ಎನ್ನುತ್ತ ಹತ್ತುತ್ತಾರೆ. ನಾನು ಹೆಡ್‌ಫೋನಿನಲ್ಲಿ ಡೂಮ್ ಮೆಟಲ್ ಎಂಬ ನಿಧಾನಗತಿಯ ರಾಕ್ ಸಂಗೀತ ಕೇಳುತ್ತ ಹತ್ತುತ್ತೇನೆ. ವೆಂಕಟರಮಣ ಕ್ಷಮಿಸಲಿ, ಏರುದಾರಿಗೆ ಇಷ್ಟು ಒಗ್ಗುವ ಲಯ ಬೇರೆ ಸಿಕ್ಕಿಲ್ಲ. ಮೆಟಲ್ ಅಂದರೆ ಓಟ ಎಂದುಕೊಂಡವರಿಗೆ ಇದು ಬೇಸರ. ಒಂದು ಏಟು ಬಿದ್ದು, ಅದರ ಮೊರೆತ ಪೂರಾ ಇಳಿದ ಮೇಲೇ ಇನ್ನೊಂದು. ಅರಸೀಕೆರೆ ಜಂಕ್ಷನ್ನಿನಿಂದ ಗೂಡ್ಸ್ ಗಾಡಿ ಹೊರಡುವಾಗ ಡಬ್ಬಿಗಳು ಒಂದೊಂದಾಗಿ ಕೊಂಡಿ ಜಗ್ಗಿಕೊಳ್ಳುತ್ತವಲ್ಲ, ಹಾಗೆ.

ಇದರ ಹುಟ್ಟು ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯದು. ಅಲ್ಲಿನ ಯಂತ್ರಕ್ಕೆ ಸಿಕ್ಕಿ ಗಿಟಾರ್ ವಾದಕ ಟೋನಿ ಐಯೋಮಿಯ ಬಲಗೈಯ ಎರಡು ಬೆರಳ ತುದಿ ಹೋದವು. ಆತ ಎಡಚ, ತಂತಿ ಒತ್ತಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮುಂದೆ ತಂತಿಯನ್ನೂ ಸಡಿಲಿಸಿದ, ಸದ್ದು ಪಾತಾಳಕ್ಕಿಳಿಯಿತು. 1970ರಲ್ಲಿ ಬಂದ ಆತನ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮಿನ ಮೊದಲ ಹಾಡು ನಿಂತಿರುವುದೇ ಮೂರು ಸ್ವರದ ಮೇಲೆ: ಷಡ್ಜ, ತಾರಷಡ್ಜ, ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ಮದುವೆಮನೆಯ ಕಳೆ ತರುವ ಪ್ರತಿಮಧ್ಯಮವೇ ಇಲ್ಲಿ ಪಂಚಮದ ಆಸರೆ ಸಿಗದೆ ನಡುಗುತ್ತ ನಿಲ್ಲುತ್ತದೆ. ಎಷ್ಟು ಸಲ ಕೇಳಿದರೂ ಬೆನ್ನುಹುರಿಯಲ್ಲಿ ಚಳಿ.

ಈ ಜಾಡಿನಲ್ಲಿ ನನಗೆ ಬಿಡಲಾಗದ್ದು ಟೋಕಿಯೋದ ಚರ್ಚ್ ಆಫ್ ಮಿಸರಿ ತಂಡದ ಮೊದಲ ಪೂರ್ಣ ಆಲ್ಬಮ್, 2001ರ ‘ಮಾಸ್ಟರ್ ಆಫ್ ಬ್ರೂಟಾಲಿಟಿ’. ಎಡ್ ಕೆಂಪರ್, ಪೀಟರ್ ಸಟ್‌ಕ್ಲಿಫ್, ಜಾನ್ ವೇಯ್ನ್ ಗೇಸಿ: ನಿಜವಾಗಿ ಬದುಕಿ ಕೊಂದವರ ಹೆಸರುಗಳು ಹಾಡಿನ ಶೀರ್ಷಿಕೆಯಲ್ಲೇ ಇವೆ. ಟಟ್ಸು ಮಿಕಾಮಿಯ ಬೇಸ್ ಗಿಟಾರು ಬ್ಲೂಸಿನ ತೂಗಾಟದಲ್ಲಿ ಉರುಳುತ್ತದೆ, ತಲೆ ತಾನಾಗಿ ಆಡುತ್ತದೆ. ಆಡುತ್ತಿರುವುದು ಯಾರ ಕಥೆಗೆ ಎಂದು ನೆನಪಾದಾಗ ಕತ್ತು ನಿಲ್ಲುತ್ತದೆ. ಗೇಸಿಗೆ 33 ಕೊಲೆಗಳಿಗೆ ಶಿಕ್ಷೆಯಾಯಿತು. ಆ ಹಾಡಿನ ಶೀರ್ಷಿಕೆಯಲ್ಲಿ ಉಳಿದದ್ದು ಅವನ ಹೆಸರೊಂದೇ, ಸತ್ತವರದಲ್ಲ. ಹಳೇಬೀಡಿನ ಗೋಡೆಯಲ್ಲಿ ನರಸಿಂಹ ಕರುಳು ಬಗೆಯುವುದನ್ನು ನಾವು ಮಕ್ಕಳನ್ನು ಎತ್ತಿ ಹಿಡಿದು ತೋರಿಸುತ್ತೇವೆ ನಿಜ. ಆದರೆ ಅಲ್ಲಿ ಸಾಯುವವನು ಅಸುರ, ಕೊಂದವನಿಗೆ ಕೈಮುಗಿಯಬಹುದು. ಗೇಸಿಗೆ?

ಡೂಮ್ ನಮ್ಮಲ್ಲಿಗೂ ಬಂತು: ಬೆಂಗಳೂರಿನ ತಂಡಗಳಾದ ಬೇವರ್ ಸೀ 2012ರಲ್ಲಿ, ಜಿನ್ ಅಂಡ್ ಮಿಸ್ಕಟಾನಿಕ್ 2013ರಲ್ಲಿ ಮೊದಲ ಆಲ್ಬಮ್ ತಂದವು. ಎರಡನೆಯ ತಂಡದ ಆ ಆಲ್ಬಮ್ಮಿನಲ್ಲಿ ಗಿಟಾರೇ ಇಲ್ಲ. ಬೇಸ್, ಡ್ರಮ್, ಕಂಠ ಅಷ್ಟೇ. ಮಿಸ್ಕಟಾನಿಕ್ ಎಂಬುದು ಲವ್‌ಕ್ರಾಫ್ಟ್ ಕಟ್ಟಿದ ಕಾಲ್ಪನಿಕ ವಿಶ್ವವಿದ್ಯಾಲಯ. ಅಂದರೆ ಭಯಕ್ಕಾಗಿ ಇವರು ಅಮೆರಿಕದ ಕಥೆಗಾರನವರೆಗೂ ಹೋದರು! ನಮ್ಮ ಜನಪದ ಕಥನಗೀತೆ ‘ಕೆರೆಗೆ ಹಾರ’ ಕೈಯಳತೆಯಲ್ಲೇ ಇತ್ತು. ಅದು ದಂತಕಥೆಯೇ ಇರಬಹುದು, ಆದರೆ ಕೊಲೆ ಕೊಲೆಯೇ. ಕೆರೆಗೆ ನೀರು ಬರಲೆಂದು ಸೊಸೆಯನ್ನು ಬಲಿ ಕೊಟ್ಟ ಗೌಡನ ಹೆಸರೂ ಅದರಲ್ಲಿದೆ, ಜನರ ಬಾಯಲ್ಲಿ ಉಳಿದದ್ದು ಮಾತ್ರ ಭಾಗೀರಥಿ. ಅವಳು ಒಂದೊಂದು ಮೆಟ್ಟಿಲು ಏರಿದಂತೆ ನೀರೂ ಏರುತ್ತದೆ: ಪಾದ, ಮೊಣಕಾಲು, ನಡು. ಡೂಮ್‌ಗೆ ಇದಕ್ಕಿಂತ ಸಿದ್ಧವಾದ ಸಾಹಿತ್ಯ ಎಲ್ಲಿದೆ? ಯಾರಾದರೂ ಕೈಗೆತ್ತಿಕೊಂಡರೆ ಸದ್ದು ಮೆಟ್ಟಿಲಿಗೊಂದು ಸ್ವರದಂತೆ ಕೆಳಗಿಳಿಯಲಿ, ಹಾಡು ಕಾಲು ಗಂಟೆಯಾದರೂ ಆಗಲಿ. ಗಿಟಾರ್ ಬೇಡ, ಬೇಸ್ ಸಾಕು.