ಹೆಸರಿನ ಸುಗ್ಗಿ, ಹೊಂಡದ ಸುಗ್ಗಿ

ಮಿರಗದ ಮಳೆಯಾದರೆ ನವಲಗುಂದದ ಎರಿ ಹೊಲಗಳಲ್ಲಿ ಹೆಸರು ಬಿತ್ತುತ್ತಾರೆ. ಅದೇ ಮಳೆಗೆ ತುಂಬಿದ ನಮ್ಮ ಹೊಲದ ಹೊಂಡದಲ್ಲಿ ಏರೋಪ್ಲೇನ್ ಚಿಟ್ಟೆ ನೀರಿಗೆ ಬಾಲ ತಾಗಿಸಿ ತಾಗಿಸಿ ತತ್ತಿ ಬಿತ್ತುತ್ತದೆ. ಹೆಸರಿಗೆ 65-70 ದಿನ. ಹಳದಿ ಮೈಯ ಈ ಹುಳದ ಮರಿಗೆ ನೀರಿನಲ್ಲಿ 38ರಿಂದ 65 ದಿನ. ಎರಡೂ ಫಸಲು ಶ್ರಾವಣಕ್ಕೆ ಕೈಗೆ ಬರುತ್ತವೆ.

ಮರಿಯನ್ನು ನೋಡುವ ಚಟ ನನಗೆ ಹತ್ತಿದ್ದು ಚಹಾ ಸೋಸುವ ಜರಡಿಯಿಂದ. ಹೊಂಡದ ಕೆಸರು ಗೋರಿ ಬಿಳಿ ತಾಟಿಗೆ ಸುರುವಿದರೆ ಮಣ್ಣಿನ ಬಣ್ಣದ್ದೊಂದು ಹುಳ ಮಿಸುಕಾಡುತ್ತದೆ. ಅದರ ಕೆಳತುಟಿ ಗಲ್ಲದಡಿ ಮಡಚಿಟ್ಟ ಕೈಯಂತೆ. ಸೊಳ್ಳೆಮರಿ ಹತ್ತಿರ ಬಂದರೆ ಚಕ್ಕನೆ ಚಾಚಿ ಹಿಡಿಯುತ್ತದೆ. ಉಸಿರಾಟ ಬಾಲದ ತುದಿಯೊಳಗಿನ ಕಿವಿರುಗಳಿಂದ. ಹೆದರಿದರೆ ಅಲ್ಲಿಂದಲೇ ನೀರು ಚಿಮ್ಮಿಸಿ ಮುಂದಕ್ಕೆ ಹಾರುತ್ತದೆ.

ಸುಗ್ಗಿ ಮಾತ್ರ ನಸುಕಿನಲ್ಲಿ. ಬ್ಯಾಟರಿ ಹಿಡಿದು ದಂಡಿಯಲ್ಲಿ ಕೂರುತ್ತೇನೆ. ಮರಿ ಹುಲ್ಲಿನ ಕಡ್ಡಿ ಏರಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬೆನ್ನು ಬಿರಿಯುತ್ತದೆ, ತಲೆ, ಎದೆ, ಕಾಲು ಹೊರಬರುತ್ತವೆ. ತಲೆಕೆಳಗಾಗಿ ಜೋತು, ಕಾಲು ಬಲಿಯುವ ತನಕ ಕಾಯುತ್ತದೆ. ಆಮೇಲೆ ಒಮ್ಮೆಲೇ ಮೇಲೆದ್ದು, ತನ್ನದೇ ಪೊರೆಯನ್ನು ಹಿಡಿದು ಬಾಲ ಎಳೆದುಕೊಳ್ಳುತ್ತದೆ. ಮುದುಡಿದ ರೆಕ್ಕೆಗಳಿಗೆ ಮೈರಸ ಇಳಿದಂತೆ ಅವು ಉದ್ದಕ್ಕೆ ಬಿಚ್ಚಿಕೊಳ್ಳುತ್ತವೆ. ಆಗ ಬೆರಳು ತಾಗಿದರೂ ರೆಕ್ಕೆ ಜನ್ಮಕ್ಕೆ ಸೊಟ್ಟ. ಖಾಲಿ ಪೊರೆಯಲ್ಲಿ ಬಿಳಿ ದಾರದಂಥ ಎಳೆಗಳು ಉಳಿಯುತ್ತವೆ. ಅವು ಹಳೆಯ ಉಸಿರುನಾಳಗಳ ಒಳಪದರ.

ಮಳೆಗಾಲ ಮುಗಿದ ಮೇಲೆ ಈ ಜಾತಿ ಈಶಾನ್ಯದ ಗಾಳಿ ಹಿಡಿದು ಮಾಲ್ದೀವ್ಸ್ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತದೆಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಾದಿಸಿದರು. ಹೋದ ಹುಳವೇ ಮರಳುವುದಿಲ್ಲ; ಮಳೆಯಿಂದ ಮಳೆಗೆ ತಲೆಮಾರುಗಳು ದಾರಿ ಸಾಗಿಸುತ್ತವೆ. ಅವಕ್ಕೆ ಬೇಕಾದದ್ದು ಎರಡು ತಿಂಗಳು ಬತ್ತದ ನೀರು, ಏರಲು ಒಂದು ಕಡ್ಡಿ.

ಹೋದ ಶ್ರಾವಣದಲ್ಲಿ ದಂಡಿಯ ಹುಲ್ಲು ಕೊಯ್ಯಲು ಕಾಕಾ ಕುಡಗೋಲು ಹಿಡಿದು ಬಂದರು. “ಮುಂಜಮುಂಜಾನೆ ಏನ ನೋಡಾಕತ್ತೀಯೋ ತಮ್ಮಾ?” ಎಂದರು. ಬ್ಯಾಟರಿಯ ಬೆಳಕನ್ನು ಕಡ್ಡಿಯ ಮೇಲೆ ಬಿಟ್ಟೆ. ಅವರು ಕುಕ್ಕರಗಾಲಲ್ಲಿ ಕೂತರು. ಬೆಳಕು ಹರಿದು, ರೆಕ್ಕೆ ನಡುಗಿ, ಹುಳ ಹೆಸರಿನ ಹೊಲದ ಮೇಲೆ ಹಾರುವವರೆಗೂ ಏಳಲಿಲ್ಲ.

“ಇದಕ್ಕೂ ಸುಗ್ಗೀನ ಅನ್ನು,” ಎಂದವರು ಎದ್ದು, ಹುಲ್ಲು ಕೊಯ್ಯಲು ಹೊಲದ ಬದುವಿಗೆ ಹೋದರು.