ಹೊಳೆಗೂ ಒಂದು ದರ್ಜೆ

ಸರಕಾರಿ ನೌಕರರಾದ ನಮಗೆ ದರ್ಜೆಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೇಂದ್ರ ಸರಕಾರದ ಕಚೇರಿಯಲ್ಲಿ ನಾವು ‘ಸಿ’ ಗುಂಪಿನ ಗುಮಾಸ್ತರು. ಕೂಡುವ ಕುರ್ಚಿಯಿಂದ ಪ್ರಯಾಣ ಭತ್ಯೆಯವರೆಗೆ ಎಲ್ಲವೂ ಆ ಒಂದಕ್ಷರದ ಕೃಪೆ. ಹೊಳೆಗೂ ಇಂಥದೇ ದರ್ಜೆ ಉಂಟೆಂಬುದು ಮಾತ್ರ ಅವ್ವ ಪುಣೆಗೆ ಬಂದಾಗಲೇ ನೆನಪಾದದ್ದು.

ಅವ್ವ ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯವಳು. ಬೇಸಿಗೆಯ ಒಂದು ಸಂಜೆ ಲಕಡಿ ಪೂಲಿನ ಮೇಲೆ ನಡೆದು ಬರುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು.

“ಇದು ಯಾವ ಹಳ್ಳಾನೋ ತಮ್ಮಾ?”

“ಹಳ್ಳ ಅಲ್ಲವ್ವಾ, ಮುಠಾ ನದಿ.”

“ಎಲ್ಲಿಗೆ ಹೋಗ್ತದ?”

ಬಿ.ಎಸ್‌ಸಿ. ಓದಿದ ಮಗನೆಂಬ ಹೆಮ್ಮೆಯಿಂದ ನಾವು ಭೂಗೋಳವನ್ನೇ ಬಿಚ್ಚಿದೆವು. ಇದು ಊರೊಳಗೇ ಮುಳೆಯನ್ನು ಕೂಡುತ್ತದೆ. ಎರಡೂ ಒಂದಾಗಿ ದೌಂಡದ ಕಡೆ ಭೀಮೆಯನ್ನು ಸೇರುತ್ತವೆ. ಮುಂದೆ ಉಜನಿ ಅಣೆಕಟ್ಟು, ಪಂಢರಪುರ, ಆಮೇಲೆ ನಮ್ಮೂರು, ಗಾಣಗಾಪುರ, ಕೊನೆಗೆ ರಾಯಚೂರು ಸೀಮೆಯಲ್ಲಿ ಕೃಷ್ಣೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ನಿಮ್ಮ ಬಚ್ಚಲ ನೀರು ನಮ್ಮ ಹೊಳಿಗೇ ಬರ್ತದ ಅನ್ನು” ಎಂದಳು. ನಮ್ಮ ಭೂಗೋಳ ಅಲ್ಲಿಗೇ ನಿಂತಿತು.

ಆ ರಾತ್ರಿ ಹಳೆಯ ಓದನ್ನೆಲ್ಲ ಕೆದಕಿದೆವು. 1974ರ ಜಲಮಾಲಿನ್ಯ ಕಾಯಿದೆಯಿಂದ ಹುಟ್ಟಿದ ಕೇಂದ್ರ ಮಂಡಲಿ ನೀರಿಗೆ ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿದೆ. ರೋಗಾಣು ಕೊಂದರೆ ಸಾಕು, ಕುಡಿಯಬಹುದು ಎಂಬುದು ‘ಎ’. ಸ್ನಾನಕ್ಕಾಗುವುದು ‘ಬಿ’. ಸೋಸಿ ಶುದ್ಧಮಾಡಿ ಕುಡಿಯುವುದು ‘ಸಿ’, ನಮ್ಮದೇ ಗುಂಪು! ಮೀನಿಗೆ ‘ಡಿ’, ಹೊಲಕ್ಕೆ ‘ಇ’. ಒಂದೇ ನೀರಿಗೆ ಹಲವು ಉಪಯೋಗಗಳಿದ್ದರೆ ಎಲ್ಲಕ್ಕಿಂತ ಹೆಚ್ಚು ಶುದ್ಧಿ ಬೇಡುವ ಉಪಯೋಗಕ್ಕೇ ಮಾನ್ಯತೆ. ಆದ್ದರಿಂದ ಮೇಲಿನ ಊರು ಕೊಳಚೆ ಬಿಡುವ ಮೊದಲು ಕೆಳಗೆ ಯಾರು ಕೊಡ ತುಂಬುತ್ತಾರೆ, ಯಾರು ಮುಳುಗು ಹಾಕುತ್ತಾರೆ ಎಂದು ನೋಡಬೇಕು.

ಲೆಕ್ಕ ಕಠಿಣವಲ್ಲ. ನೀರಿನ ಹೊಲಸನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಬೇಕಾಗುವ ಆಮ್ಲಜನಕಕ್ಕೆ ಬಿ.ಓ.ಡಿ. ಎನ್ನುತ್ತಾರೆ. ಸ್ನಾನದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಮ್ ಮೀರಬಾರದು. ಒಂದು ಸಣ್ಣ ಊರು ಕೊಳಚೆಯನ್ನು ಶುದ್ಧಮಾಡಿ 20ಕ್ಕೆ ಇಳಿಸಿ ಹಳ್ಳಕ್ಕೆ ಬಿಟ್ಟಿತೆನ್ನಿ. ಹಳ್ಳದ್ದು 2. ಮಳೆಗಾಲದಲ್ಲಿ 99 ಪಾಲು ಹಳ್ಳಕ್ಕೆ 1 ಪಾಲು ಊರಿನದು ಬೆರೆತರೆ 2.18, ಗೆರೆಯೊಳಗೇ ಆಯಿತು. ಬೇಸಿಗೆಯಲ್ಲಿ ಹಳ್ಳದ್ದು 9 ಪಾಲಿಗೆ ಇಳಿದರೆ 3.8, ಗೆರೆ ದಾಟಿತು. ಅದಕ್ಕೇ ಈ ಲೆಕ್ಕವನ್ನು ಹರಿವು ಸಣ್ಣಗಿರುವ ದಿನಗಳಿಗೆ ಹಾಕಬೇಕು. ಮುಠೆಯ ನೀರನ್ನಾದರೋ ಖಡಕವಾಸ್ಲಾದಲ್ಲೇ ಊರಿಗೂ ಕಾಲುವೆಗೂ ಹಂಚಿಬಿಡುತ್ತಾರೆ. ಬೇಸಿಗೆಯಲ್ಲಿ ಬೆರೆಸಲು ಉಳಿಯುವುದೆಷ್ಟು? 2018ರಲ್ಲಿ ಮಂಡಲಿ ದೇಶದಲ್ಲಿ 351 ಕಲುಷಿತ ನದೀಭಾಗಗಳನ್ನು ಎಣಿಸಿದಾಗ ಪುಣೆಯ ನದಿಗಳೂ ಆ ಪಟ್ಟಿಯಲ್ಲಿದ್ದವು.

ಮುಂದಿನ ವಾರ ಎದುರು ಮನೆಯ ಮರಾಠಿ ಕಾಕೂ ಗಾಣಗಾಪುರದ ದತ್ತನ ದರ್ಶನ ಮುಗಿಸಿ ಬಂದು ಭೀಮಾ-ಅಮರಜಾ ಸಂಗಮದ ತೀರ್ಥ ಕೊಟ್ಟರು. ನಮ್ಮಾಕೆ ಕಣ್ಣಿಗೊತ್ತಿಕೊಂಡಳು. ನಾವು ಅಂಗೈ ಹಿಡಿದು ಹಾಗೇ ನಿಂತೆವು. ದೂರದ ದಾರಿಯಲ್ಲಿ ಹೊಳೆ ಗಾಳಿ ಕುಡಿದು ತಾನೇ ಅಷ್ಟಿಷ್ಟು ಚೊಕ್ಕಟವಾಗುತ್ತದೆ, ನಿಜ. ಆದರೂ ಪುಣೆಯಿಂದ ಹೊರಟದ್ದು ಬಾಟಲಿಯಲ್ಲಿ ತಿರುಗಿ ಪುಣೆಗೇ ಬಂದಂತೆ ತೋರಿತು.

ಇಲ್ಲೊಂದು ತಪ್ಪೊಪ್ಪಿಗೆ. ನಮ್ಮ ವಸತಿ ಸಮುಚ್ಚಯಕ್ಕೆ ಸ್ವಂತ ಕೊಳಚೆ ಶುದ್ಧೀಕರಣ ಘಟಕವಿದೆ. ಕರೆಂಟಿನ ಬಿಲ್ಲು ಉಳಿಸಲು ಅದರ ಗಾಳಿಯೂದುವ ಯಂತ್ರವನ್ನು ರಾತ್ರಿಯೆಲ್ಲ ನಿಲ್ಲಿಸೋಣವೆಂದು ಸಭೆ ಠರಾವು ಮಾಡಿದಾಗ ನಾವೂ ಕೈ ಎತ್ತಿದ್ದೆವು. ಗಾಳಿಯಿಲ್ಲದೆ ಹೊಲಸು ತಿನ್ನುವ ಜೀವಿಗಳು ಉಳಿಯುವುದಿಲ್ಲವೆಂದು ಆ ಸಭೆಯಲ್ಲಿ ಬಲ್ಲವರು ನಾವೇ. ಆದರೂ ಬಾಯಿ ಬಿಡಲಿಲ್ಲ. ಉಳಿದದ್ದು ಮನೆಗೆ ತಿಂಗಳಿಗೆ ಒಂದಿಷ್ಟು ರೂಪಾಯಿ.

ಮುಂದಿನ ಸಭೆಯಲ್ಲಿ ಎದ್ದು ನಿಂತು, ನಮ್ಮ ಕನ್ನಡ ಬೆರೆತ ಮರಾಠಿಯಲ್ಲಿ ಇದೇ ಲೆಕ್ಕ ಹೇಳಿದೆವು. ಕೆಲವರು ನಕ್ಕರು. ಕಾಕೂ ಮಾತ್ರ, “ನಾನು ತೀರ್ಥ ತರುವುದು ಆ ಹೊಳೆಯಿಂದಲೇ ಏನು?” ಎಂದು ಕೇಳಿ ಮೊದಲು ಕೈ ಎತ್ತಿದರು. ಈಗ ಯಂತ್ರ ರಾತ್ರಿಯೂ ಗುರುಗುಡುತ್ತದೆ. ಬಿಲ್ಲು ಏರಿತೆಂದು ಇಬ್ಬರು ನಮ್ಮ ಸಂಗಡ ಮಾತು ಬಿಟ್ಟಿದ್ದಾರೆ.

ಫೋನಿನಲ್ಲಿ ಅವ್ವನಿಗೆ ಈ ಪರಾಕ್ರಮ ವರದಿ ಮಾಡಿದೆವು. “ಛಲೋ ಆತು ತಮ್ಮಾ. ಉಳಿದವರು?” ಎಂದಳು.

ಉಳಿದವರ ಪರವಾಗಿ ಉತ್ತರಿಸುವ ಅಧಿಕಾರ ‘ಸಿ’ ಗುಂಪಿನವರಿಗಿಲ್ಲ. ಭೀಮಾ, ಕೃಷ್ಣೆಯರ ದಂಡೆಯಿಂದ ಬಂದ ಸಂಘದ ಬಂಧುಗಳು ಬಹಳ ಮಂದಿ ಇದ್ದೀರಿ. ಅವ್ವನ ಪ್ರಶ್ನೆಯನ್ನು ತಮ್ಮ ಮುಂದಿಟ್ಟಿದ್ದೇವೆ.