ಐವತ್ತಮೂರರ ಮರುದಿನ

1057, 1054, 1175, 1033. ಸಿಯಾಟಲ್ ಸೀಹಾಕ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಟೈಲರ್ ಲಾಕೆಟ್ 2019ರಿಂದ 2022ರವರೆಗೆ ವರ್ಷಕ್ಕೆ ಇಷ್ಟಿಷ್ಟು ಗಜ ಗಳಿಸಿಕೊಟ್ಟ. ಟಚ್‌ಡೌನ್‌ಗಳು, ಅಂದರೆ ಚೆಂಡಿನೊಡನೆ ಗೋಲಿನ ಗೆರೆ ದಾಟಿದ್ದು, ಕ್ರಮವಾಗಿ ಎಂಟು, ಹತ್ತು, ಎಂಟು, ಒಂಬತ್ತು. ಇಷ್ಟು ನೇಮದಿಂದ ದುಡಿದ ಮನುಷ್ಯನನ್ನು ‘ಇವನನ್ನು ನಂಬಿ ಕೆಟ್ಟೆ’ ಎಂದು ಬೈಯುವವರು ಅಮೆರಿಕದ ತುಂಬ ಸಿಗುತ್ತಾರೆ. ಸಿಯಾಟಲ್ ಪಕ್ಕದ ಬೆಲ್‌ವ್ಯೂನ ನಮ್ಮ ಮನೆಯ ಸೋಫಾದ ಮೇಲೆ ಕೂತು ನಾನೂ ಬೈದಿದ್ದೇನೆ. ನಾವೆಲ್ಲ ಫ್ಯಾಂಟಸಿ ಫುಟ್‌ಬಾಲ್ ಆಡುವವರು. ನಮಗೆ ವರ್ಷದ ಲೆಕ್ಕ ಬೇಡ, ವಾರದ್ದು ಬೇಕು.

ಭಾರತದಲ್ಲಿರುವ ನಮ್ಮ ಊರಿನವರಿಗೆ ಡ್ರೀಮ್ ಇಲೆವೆನ್ ಹೆಸರು ಗೊತ್ತು. ಅದರಲ್ಲಿ ಪಂದ್ಯಕ್ಕೊಂದು ತಂಡ. ಪಂದ್ಯ ಮುಗಿದರೆ ಸಂಬಂಧವೂ ಮುಗಿಯಿತು. ಇಲ್ಲಿ ನಾವು ಆಡುವುದು ಇಡೀ ಋತುವಿನ ಆಟ. ಆಗಸ್ಟ್ ಕೊನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತೇವೆ. ಒಬ್ಬ ಆರಿಸಿದವನು ಇನ್ನೊಬ್ಬನಿಗಿಲ್ಲ. ಆಮೇಲೆ ಡಿಸೆಂಬರ್‌ವರೆಗೂ ಅವನ ಜೊತೆ ಏಗಬೇಕು. ಪ್ರತಿ ವಾರ ನಮ್ಮಲ್ಲೇ ಒಬ್ಬರ ತಂಡದ ಎದುರು ನಮ್ಮ ತಂಡ; ನಿಜವಾದ ಮೈದಾನದಲ್ಲಿ ಆ ಆಟಗಾರರು ಮಾಡಿದ್ದೇ ನಮ್ಮ ಅಂಕ. ಹಿಡಿದ ಪ್ರತಿ ಚೆಂಡಿಗೆ ಒಂದು, ಹತ್ತು ಗಜಕ್ಕೆ ಒಂದು, ಟಚ್‌ಡೌನ್‌ಗೆ ಆರು. ಯಾರನ್ನು ಆಡಿಸುತ್ತೇವೆ, ಯಾರನ್ನು ಬೆಂಚಿನ ಮೇಲೆ ಕೂರಿಸುತ್ತೇವೆ ಎಂದು ಪಂದ್ಯ ಶುರುವಾಗುವ ಮೊದಲೇ ಹೇಳಿಬಿಡಬೇಕು. ಬೆಂಚಿನ ಮೇಲೆ ಕೂತವನು ನಲವತ್ತು ಅಂಕ ಗಳಿಸಿದರೆ ನಮ್ಮ ಪಾಲಿಗೆ ಬರುವುದು ಹೊಟ್ಟೆಯುರಿ ಮಾತ್ರ.

ಲಾಕೆಟ್‌ನಂಥ ವೈಡ್ ರಿಸೀವರ್ ಎಂಬವನ ಪಾಡು ಮೊದಲೇ ಪರಾಧೀನ. ಮೈದಾನದ ಅಂಚಿನಲ್ಲಿ ನಿಂತು, ಹೇಳಿಕೊಟ್ಟ ದಾರಿಯಲ್ಲಿ ಓಡಿ, ಹೇಳಿದ ಹೊತ್ತಿಗೆ ತಿರುಗಿ, ಚೆಂಡು ಬಂದರೆ ಹಿಡಿಯಬೇಕು. ಬರಬೇಕಾದರೆ ಮುಂದಿನ ಐದು ಜನ ದಡೂತಿಗಳು ಎದುರಾಳಿಯನ್ನು ಮೂರು ಸೆಕೆಂಡಾದರೂ ತಡೆಯಬೇಕು, ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಇತ್ತ ಕಡೆ ನೋಡಬೇಕು, ನೋಡಿದರೂ ಎಸೆಯುವ ಮನಸ್ಸಾಗಬೇಕು. ರನ್ನಿಂಗ್ ಬ್ಯಾಕ್‌ಗಾದರೆ ಚೆಂಡನ್ನು ಕೈಗೇ ಇಡುತ್ತಾರೆ. ರಿಸೀವರ್ ಮಧ್ಯಾಹ್ನವೆಲ್ಲ ಚೆನ್ನಾಗಿ ಓಡಿ, ತನ್ನನ್ನು ಕಾಯುವವನನ್ನು ಮತ್ತೆ ಮತ್ತೆ ಹಿಂದೆ ಬಿಟ್ಟು, ಎರಡೇ ಎರಡು ಚೆಂಡು ಹಿಡಿದು ಮನೆಗೆ ಹೋಗಬಹುದು. ನಮ್ಮ ಪಟ್ಟಿಯಲ್ಲಿ ಆ ಎರಡು ಮಾತ್ರ ಕಾಣುತ್ತವೆ.

ಸಿಯಾಟಲ್‌ನಲ್ಲಿ ಆ ವರ್ಷಗಳಲ್ಲಿ ಇನ್ನೊಂದು ತಾಪತ್ರಯವೂ ಇತ್ತು. ಚೆಂಡು ಒಂದು, ಹಿಡಿಯುವವರು ಇಬ್ಬರು. ಒಬ್ಬ ಲಾಕೆಟ್: ಐದಡಿ ಹತ್ತಂಗುಲ, ಈ ಆಟಕ್ಕೆ ಪುಟ್ಟ ಆಳು. ಇನ್ನೊಬ್ಬ ಡಿ.ಕೆ. ಮೆಟ್‌ಕಾಫ್: ಆರಡಿ ನಾಲ್ಕಂಗುಲದ ಬೆಟ್ಟ. ಯಾರನ್ನು ಕಟ್ಟಿಹಾಕಬೇಕೆಂದು ನಿರ್ಧರಿಸುವವರು ಎದುರು ತಂಡದವರು. ಅವರು ಬೆಟ್ಟಕ್ಕೆ ಹಗ್ಗ ಹಾಕಿದರೆ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಪುಟ್ಟವನಿಗೆ ಎಸೆಯುತ್ತಿದ್ದ; ಪುಟ್ಟವನ ಹಿಂದೆ ಬಿದ್ದರೆ ಬೆಟ್ಟಕ್ಕೆ. ಹಾಗಾಗಿ ಲಾಕೆಟ್‌ನ ಏರಿಳಿತದಲ್ಲಿ ಅವನ ಪಾಲೆಷ್ಟು, ಎದುರಾಳಿ ಕೋಚ್ ಮಂಗಳವಾರ ಕೂತು ಹಾಕಿದ ಯೋಜನೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಾವಂತೂ ಬಿಡಿಸುವ ಗೋಜಿಗೆ ಹೋಗುವುದಿಲ್ಲ. ಬೈಗುಳಕ್ಕೊಂದು ವಿಳಾಸ ಬೇಕು, ಅವನ ಹೆಸರೇ ಪಟ್ಟಿಯಲ್ಲಿರುತ್ತದೆ.

2020ರ ಅಕ್ಟೋಬರ್ 25, ಭಾನುವಾರ. ಕೋವಿಡ್ ಕಾಲ. ಸೀಹಾಕ್ಸ್ ಆಡಿದ್ದು ಅರಿಜೋನಾದ ಗ್ಲೆಂಡೇಲ್‌ನಲ್ಲಿ, ಕಾರ್ಡಿನಲ್ಸ್ ಎದುರು. ನನ್ನ ಭಾಮೈದ ಇರುವುದು ಅಲ್ಲೇ ಫೀನಿಕ್ಸ್ ಬಳಿ. ಹೋದ ಹೊಸದರಲ್ಲೇ ಕಾರ್ಡಿನಲ್ಸ್ ಭಕ್ತನಾದವನು. ನಮ್ಮ ಲೀಗಿನಲ್ಲೂ ಅವನಿದ್ದಾನೆ. ಆ ರಾತ್ರಿ ಕಾರ್ಡಿನಲ್ಸ್‌ನ ಪ್ಯಾಟ್ರಿಕ್ ಪೀಟರ್ಸನ್ ಮೆಟ್‌ಕಾಫ್‌ನ ಬೆನ್ನು ಹತ್ತಿದ. ವಿಲ್ಸನ್ ಲಾಕೆಟ್‌ನತ್ತ ಇಪ್ಪತ್ತು ಸಲ ಎಸೆದ. ಅವನು ಹದಿನೈದು ಹಿಡಿದ. ಇನ್ನೂರು ಗಜ, ಮೂರು ಟಚ್‌ಡೌನ್, ನಮ್ಮ ಲೆಕ್ಕದಲ್ಲಿ 53 ಅಂಕ. ಒಬ್ಬ ಒಳ್ಳೆಯ ರಿಸೀವರ್ ಮೂರು ವಾರದಲ್ಲಿ ಕೊಡುವುದನ್ನು ಇವನು ಒಂದೇ ಸಂಜೆ ಕೊಟ್ಟಿದ್ದ. ಮೆಟ್‌ಕಾಫ್‌ನದು ಎರಡು ಕ್ಯಾಚ್, ಇಪ್ಪತ್ತಮೂರು ಗಜ. ಆದರೆ ಜನ ಇವತ್ತಿಗೂ ಆ ಪಂದ್ಯವನ್ನು ನೆನೆಯುವುದು ಮೆಟ್‌ಕಾಫ್‌ಗಾಗಿ: ಕಾರ್ಡಿನಲ್ಸ್‌ನ ಬುಡ್ಡಾ ಬೇಕರ್ ಚೆಂಡು ಕಸಿದು ಇಡೀ ಮೈದಾನದ ಉದ್ದಕ್ಕೆ ಓಡುತ್ತಿದ್ದಾಗ ಹಿಂದಿನಿಂದ ಅಟ್ಟಿಕೊಂಡು ಹೋಗಿ, ಗೆರೆ ಮುಟ್ಟುವ ಮೊದಲೇ ಕೆಡವಿದ ಓಟ. ಆ ಓಟಕ್ಕೆ ಫ್ಯಾಂಟಸಿಯಲ್ಲಿ ಸಿಕ್ಕ ಅಂಕ ಸೊನ್ನೆ. ಈ ಆಟ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಸೀಹಾಕ್ಸ್ ಹೆಚ್ಚುವರಿ ಸಮಯದಲ್ಲಿ 37–34ಕ್ಕೆ ಸೋತರು. ನನ್ನ ಊರಿನ ತಂಡ ಸೋತಿತ್ತು, ಲಾಕೆಟ್ ಇದ್ದ ನನ್ನ ಫ್ಯಾಂಟಸಿ ತಂಡ ಭರ್ಜರಿಯಾಗಿ ಗೆದ್ದಿತ್ತು. ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ತಿಳಿಯದೆ ನಾನು ಕೂತಿದ್ದರೆ ನನ್ನ ಹೆಂಡತಿ, “ಸೋತ್ರೋ ಗೆದ್ರೋ, ಒಂದು ಹೇಳಿ, ಊಟಕ್ಕೆ ಬಡಿಸ್ತೀನಿ” ಎಂದಳು.

ಮರುದಿನ ಭಾಮೈದನ ಫೋನು.

“ಭಾವ, ಲಾಕೆಟ್‌ನ ಕೊಡ್ತೀರಾ?”

“ನಿನ್ನೆ ತಾನೇ ಐವತ್ತಮೂರು ಹೊಡೆದಿದಾನಪ್ಪ. ಯಾಕೆ ಕೊಡ್ಲಿ?”

“ಅದೇ ಭಾವ. ಎರಡು ಪಂದ್ಯ ತೆಗೆದ್ಬಿಡಿ, ಇನ್ನೇನಿದೆ ಅವನ ಹತ್ರ? ಮಯಾಮಿ ಮೇಲೆ ಎರಡು ಕ್ಯಾಚು. ಮಿನೆಸೋಟಾ ಮೇಲೆ ನಾಲ್ಕು. ನಿಮಗೂ ಬಿಪಿ ಇದೆ.”

ದನದ ಜಾತ್ರೆಯಲ್ಲಿ ಕೊಳ್ಳಲೇಬೇಕೆಂದು ಬಂದವನು ಎತ್ತಿನ ಹಲ್ಲು ನೋಡಿ ಮುಖ ಸಿಂಡರಿಸುವ ಹಾಗಿತ್ತು ಅವನ ಮಾತು. ನನಗೆ ನಗು ಬಂತು. ಆದರೆ ಫೋನಿಟ್ಟ ಮೇಲೆ ಕಾಗದ ತೆಗೆದು ಬರೆದೆ. ಆವರೆಗಿನ ಆರು ಪಂದ್ಯಗಳ ಅಂಕ: 17.2, 19.7, 37, 5.9, 8.4, 53. ಸರಾಸರಿ ಇಪ್ಪತ್ತಮೂರೂವರೆ. ಆರರಲ್ಲಿ ಒಂದು ವಾರವೂ ಅವನು ಇಪ್ಪತ್ತಮೂರೂವರೆಯ ಹತ್ತಿರ ಸುಳಿದಿರಲಿಲ್ಲ. ಅದು ಯಾರೂ ವಾಸವಿಲ್ಲದ ಮನೆಯ ನಂಬರು. ಎರಡು ಪಂದ್ಯ ತೆಗೆದುಬಿಡಿ ಎಂಬ ಭಾಮೈದನ ಮಾತೂ ಅಷ್ಟೇ ಪೊಳ್ಳು. ತೆಗೆಯುವುದಾದರೆ ಕೆಟ್ಟ ಎರಡನ್ನು ಯಾಕೆ ತೆಗೆಯಬಾರದು? ಬೆಲೆ ಇಳಿಸುವವನು ಮೇಲಿನದನ್ನು ಕತ್ತರಿಸುತ್ತಾನೆ, ಮಾರುವವನು ಕೆಳಗಿನದನ್ನು.

ಬದಲಿಗೆ ಅವನು ಕೊಡಲು ಬಂದಿದ್ದ ರಿಸೀವರ್ ವಾರಕ್ಕೆ ಹನ್ನೆರಡೋ ಹದಿಮೂರೋ ಅಂಕ ತರುವ ಸಾಧು. ಅವನ ಹೆಸರು ಹೇಳಿದರೆ ಓದುವವರಿಗೆ ಆಕಳಿಕೆ ಬಂದೀತು. ಇವರಿಬ್ಬರಲ್ಲಿ ಯಾರು ಮೇಲು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ ನನಗೆ ಕಂಡದ್ದು, ಆ ಉತ್ತರ ಲಾಕೆಟ್‌ನಲ್ಲೂ ಇಲ್ಲ, ಆ ಸಾಧುವಿನಲ್ಲೂ ಇಲ್ಲ ಎಂಬುದು. ಭಾಮೈದ ಆಗ ಲೀಗಿನ ತಳದಲ್ಲಿದ್ದ. ಅವನ ತಂಡದವರೆಲ್ಲ ತಮ್ಮ ತಮ್ಮ ವಾಡಿಕೆಯಷ್ಟು ಆಡಿದರೆ ಒಟ್ಟು ನೂರು ಬರುತ್ತಿತ್ತು, ಎದುರಾಳಿಗೆ ನೂರಿಪ್ಪತ್ತು. ಅಂಥವನಿಗೆ ವಾಡಿಕೆಯೇ ಶತ್ರು. ಎಲ್ಲ ನೆಟ್ಟಗೆ ನಡೆದರೆ ಅವನು ಸೋಲುವುದು ಖಾತರಿ. ಏನಾದರೂ ಅತಿರೇಕ ಘಟಿಸಿದರೆ ಮಾತ್ರ ಬಚಾವು. ಐದಾದರೂ ಸರಿ, ಐವತ್ತಾದರೂ ಸರಿ ಎನ್ನುವ ಆಟಗಾರ ಅವನಿಗೆ ಬೇಕು, ಯಾಕೆಂದರೆ ಐದು ಬಂದರೆ ಹೇಗೂ ಸೋಲುತ್ತಿದ್ದ ಪಂದ್ಯವನ್ನೇ ಇನ್ನಷ್ಟು ಹೀನಾಯವಾಗಿ ಸೋಲುತ್ತಾನೆ, ನಷ್ಟವೇನಿಲ್ಲ. ನಾನು ಮೇಲಿನ ಸಾಲಿನಲ್ಲಿದ್ದೆ. ನನಗೆ ಅತಿರೇಕವೇ ಅಪಾಯ. ವಾರವಾರ ನೂರಿಪ್ಪತ್ತು ಬರುತ್ತಿರುವವನಿಗೆ ಹನ್ನೆರಡು ಅಂಕದ ಸಾಧು ಸಾಕು. ಒಬ್ಬನೇ ಲಾಕೆಟ್, ಅವನ ಮನೆಯಲ್ಲಿ ಒಂದು ಬೆಲೆ, ನನ್ನ ಮನೆಯಲ್ಲಿ ಇನ್ನೊಂದು. ಇಬ್ಬರೂ ಲಾಭ ಮಾಡಿಕೊಳ್ಳುವ ವ್ಯಾಪಾರ ಸಾಧ್ಯವಾಗುವುದೇ ಇದರಿಂದ. ನಾನು ಸಾಧುವಿನ ಜೊತೆ ಇನ್ನೊಬ್ಬ ರನ್ನಿಂಗ್ ಬ್ಯಾಕ್‌ನನ್ನೂ ಕೇಳಿದೆ; ಅವನು ಅಕ್ಕನಿಗೆ ಫೋನು ಕೊಡಿ ಎಂದ; ಕೊನೆಗೆ ರನ್ನಿಂಗ್ ಬ್ಯಾಕ್ ಬಂದ.

ಬೆಲೆ ಕಟ್ಟುವುದರಲ್ಲಿ ಅಂಕ ಬರೆಯುವ ಕ್ರಮಕ್ಕೂ ಕೈಯಿದೆ. 1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು ಈ ಆಟದ ನಿಯಮ ಬರೆದು, ಮರುವರ್ಷ ಮೊದಲ ಆಯ್ಕೆ ನಡೆಸಿದಾಗ ಮುಖ್ಯವಾಗಿ ಎಣಿಸಿದ್ದು ಗೋಲಿನ ಗೆರೆ ದಾಟಿದ್ದನ್ನು. ಆ ಲೆಕ್ಕದಲ್ಲಿ ಬಹುಪಾಲು ರಿಸೀವರ್‌ಗಳು ಒಂದು ವಾರ ರಾಜ, ಮರುವಾರ ತಿರುಕ. ಹಿಡಿದ ಪ್ರತಿ ಚೆಂಡಿಗೂ ಒಂದಂಕ ಎಂಬ ಪಿಪಿಆರ್ ಪದ್ಧತಿ ಆಮೇಲೆ ಬಂದದ್ದು. ಅದು ಸಣ್ಣಪುಟ್ಟ ಕ್ಯಾಚುಗಳವನಿಗೂ ಮರ್ಯಾದೆ ಕೊಟ್ಟಿತು. ಆ ಪದ್ಧತಿ ತೆಗೆದರೆ ಲಾಕೆಟ್‌ನ 53 ಇಳಿದು 38 ಆಗುತ್ತದೆ, ಇನ್ನೂ ದೊಡ್ಡದೇ. ಆದರೆ ಮಯಾಮಿಯ 5.9 ಇಳಿದು 3.9 ಆಗುತ್ತದೆ, ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ. ಇನ್ನು ಬೆಸ್ಟ್ ಬಾಲ್ ಎಂಬ ಬಗೆಯಿದೆ. ಅಲ್ಲಿ ಯಾರನ್ನು ಆಡಿಸಬೇಕೆಂದು ಮೊದಲೇ ಹೇಳಬೇಕಿಲ್ಲ, ವಾರ ಮುಗಿದ ಮೇಲೆ ಹೆಚ್ಚು ಅಂಕ ತಂದವರನ್ನು ಕಂಪ್ಯೂಟರೇ ಆರಿಸಿಕೊಳ್ಳುತ್ತದೆ. ಅಂಥ ಲೀಗಿನಲ್ಲಿ ಲಾಕೆಟ್ ಚಿನ್ನ. ಅವನ ಕೆಟ್ಟ ವಾರಗಳು ಯಾರ ಕಣ್ಣಿಗೂ ಬೀಳುವುದೇ ಇಲ್ಲ. ಒಂದು ವಿಧದಲ್ಲಿ ನಾವು ಬೈಯುತ್ತಿದ್ದದ್ದು ಅವನ ಆಟವನ್ನಲ್ಲ, ಭಾನುವಾರ ಬೆಳಿಗ್ಗೆ ನಮಗೆ ಕಣಿ ಹೇಳಲು ಬರುವುದಿಲ್ಲ ಎಂಬುದನ್ನು.

ವ್ಯಾಪಾರವಾದ ಮೊದಲ ಭಾನುವಾರ ಸೀಹಾಕ್ಸ್‌ಗೆ ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೊ. ಬೆಟ್ಟ ಹನ್ನೆರಡು ಹಿಡಿದು ಎರಡು ಟಚ್‌ಡೌನ್ ಮಾಡಿತು. ಪುಟ್ಟವನಿಗೆ ನಾಲ್ಕು ಕ್ಯಾಚ್, ಮೂವತ್ತಮೂರು ಗಜ. ಭಾಮೈದ ಏನೂ ಹೇಳಲಿಲ್ಲ. ಅಲ್ಲಿಂದ ನಮ್ಮ ಲೀಗಿನ ಫೈನಲ್ ಇದ್ದ ಹದಿನಾರನೇ ವಾರದವರೆಗೆ, ಒಂಬತ್ತು ಪಂದ್ಯಗಳಲ್ಲಿ, ಲಾಕೆಟ್ ತಂದ ಸರಾಸರಿ ಹತ್ತಂಕ. ಹತ್ತು ಕೆಟ್ಟ ಅಂಕವೇನಲ್ಲ. ಬೇರೆ ಯಾರಾದರೂ ತಂದಿದ್ದರೆ ಪಾಪ ದುಡಿಯುತ್ತಾನೆ ಎನ್ನುತ್ತಿದ್ದೆವು. ಲಾಕೆಟ್ ತಂದಾಗ ಮೋಸ ಹೋದೆವು ಅನಿಸುತ್ತದೆ, ಏಕೆಂದರೆ ಐವತ್ತಮೂರು ತಂದವನೂ ಅವನೇ. ತನ್ನದೇ ಒಳ್ಳೆಯ ದಿನದ ಸಾಲವನ್ನು ಅವನು ಪ್ರತಿ ವಾರ ತೀರಿಸಬೇಕು. ಎಂದೂ ಇಪ್ಪತ್ತು ದಾಟದ ಸಾಧುವಿಗೆ ಅಂಥ ಸಾಲವೇ ಇಲ್ಲ. (ಲಾಕೆಟ್ 2019ರಲ್ಲಿ ‘ರಿಫ್ಲೆಕ್ಷನ್’ ಎಂಬ ಕವನ ಸಂಕಲನ ತಂದವನು. ಕವಿಯಿಂದ ವಾರವಾರವೂ ಒಂದೇ ತೂಕದ ಫಸಲು ನಿರೀಕ್ಷಿಸಿದ ನಮ್ಮ ಬುದ್ಧಿಗೆ ಏನು ಹೇಳೋಣ.)

ನಮ್ಮ ಲೀಗಿನ ಫೈನಲ್ ಮುಗಿದ ಮುಂದಿನ ಭಾನುವಾರ, 2021ರ ಜನವರಿ 3, ಸೀಹಾಕ್ಸ್‌ಗೆ ಋತುವಿನ ಕೊನೆಯ ಪಂದ್ಯ. ಎದುರಾಳಿ ಮತ್ತೆ ಸ್ಯಾನ್ ಫ್ರಾನ್ಸಿಸ್ಕೊ. ಕೋವಿಡ್ ನಿರ್ಬಂಧದಿಂದ ತಮ್ಮ ಮೈದಾನ ಬಿಟ್ಟು ಬಂದಿದ್ದ ಅವರು ಆಗ ತವರು ಪಂದ್ಯಗಳನ್ನು ಆಡುತ್ತಿದ್ದದ್ದು ಗ್ಲೆಂಡೇಲ್‌ನಲ್ಲಿ, ಅದೇ 53ರ ಮೈದಾನದಲ್ಲಿ, ಭಾಮೈದನ ಮನೆಯಿಂದ ಕಾರಿನಲ್ಲಿ ಹೋಗಬಹುದಾದಷ್ಟು ಹತ್ತಿರ. ಲಾಕೆಟ್ ಹನ್ನೆರಡು ಹಿಡಿದ, ತೊಂಬತ್ತು ಗಜ, ಎರಡು ಟಚ್‌ಡೌನ್. ಮೂವತ್ತಮೂರು ಅಂಕ. ವರ್ಷದ ಕ್ಯಾಚುಗಳು ಸರಿಯಾಗಿ ನೂರಾದವು, ಗಜಗಳು ಸಾವಿರ ದಾಟಿದವು. ಇಡೀ ಋತುವಿನ ಹತ್ತು ಟಚ್‌ಡೌನ್‌ಗಳಲ್ಲಿ ಎಂಟು ಮೂರೇ ಪಂದ್ಯಗಳಲ್ಲಿ ಬಂದಿದ್ದವು. ಅದರಲ್ಲಿ ಎರಡು ಪಂದ್ಯ ನನ್ನ ಬಳಿಯಿದ್ದಾಗ, ಒಂದು ಯಾರ ಬಳಿಯೂ ಇಲ್ಲದಾಗ.

“ಭಾವ, ಈ ಮೂವತ್ತಮೂರನ್ನ ಮುಂದಿನ ವರ್ಷಕ್ಕೆ ಜಮಾ ಮಾಡ್ಕೊಳ್ಳೋಕೆ ಬರುತ್ತಾ?”

“ನಿಯಮದಲ್ಲಿಲ್ಲಪ್ಪ.”

“ಹಂಗಾದ್ರೆ ಅಕ್ಕನಿಗೆ ಫೋನ್ ಕೊಡಿ.”

ವರ್ಷದ ಒಟ್ಟು ಅಂಕಗಳ ಪಟ್ಟಿಯಲ್ಲಿ ಲಾಕೆಟ್‌ನ ಹೆಸರು ಮೆಟ್‌ಕಾಫ್‌ನ ಪಕ್ಕದಲ್ಲೇ ಇತ್ತು: 265, 273. ಮುಂದಿನ ಆಗಸ್ಟ್‌ನಲ್ಲಿ ಜನ ಮೆಟ್‌ಕಾಫ್‌ನನ್ನು ಮೊದಲು ಆರಿಸುತ್ತಾರೆ, ಲಾಕೆಟ್ ಹೆಸರು ಬಂದಾಗ ಮುಖ ಹುಳ್ಳಗೆ ಮಾಡಿ ಮುಂದೆ ಹೋಗುತ್ತಾರೆ ಎಂದು ನನಗೆ ಅನಿಸಿತ್ತು. ಅವನನ್ನು ಕೊಳ್ಳಬೇಕಾದದ್ದು ಆಗಲೇ, ಒಂದೆರಡು ಸುತ್ತು ತಡವಾಗಿ. ಕೊಂಡ ಮೇಲೆ ಎಂದೂ ಬೆಂಚಿನ ಮೇಲೆ ಕೂರಿಸಬಾರದು, ಪಕ್ಕದಲ್ಲಿ ಇಬ್ಬರು ಸಾಧುಗಳನ್ನು ಇಟ್ಟುಕೊಳ್ಳಬೇಕು. 53 ಬಂದ ಮರುದಿನ ಯಾರಾದರೂ ಕೇಳಿದರೆ ತಂಡದ ಸ್ಥಿತಿ ನೋಡಿ ಉತ್ತರಿಸಬೇಕು, ಎದೆ ಹೇಳಿದ್ದನ್ನು ಕೇಳಿ ಅಲ್ಲ. ಇಷ್ಟೆಲ್ಲ ಬರೆದಿಟ್ಟುಕೊಂಡೇ 2021ರ ಆಯ್ಕೆಗೆ ಕೂತೆ. ನಾಲ್ಕನೇ ಸುತ್ತಿನಲ್ಲಿ, ನಾನು ಅಂದುಕೊಂಡದ್ದಕ್ಕಿಂತ ಪೂರಾ ಒಂದು ಸುತ್ತು ಮೊದಲು, ಭಾಮೈದ ಲಾಕೆಟ್‌ನನ್ನು ಎತ್ತಿಕೊಂಡ. ಮೊದಲ ವಾರ ಇಪ್ಪತ್ತಾರು ಬಂತು, ಎರಡನೇ ವಾರ ಸುಮಾರು ಮೂವತ್ತೆರಡು. ನಾನು ಫೋನು ಮಾಡಿ ಲಾಕೆಟ್‌ನನ್ನು ಕೇಳಿದೆ. ಒಬ್ಬರಲ್ಲ, ಇಬ್ಬರು ರನ್ನಿಂಗ್ ಬ್ಯಾಕ್ ಬೇಕಂತೆ.